ಹಲ್ಲು ಎಣಿಸಿ ಆಟಗಾರನನ್ನು ಕೊಳ್ಳುವ ಆಟ

ಅಕ್ಕಲಕೋಟ ತಾಲ್ಲೂಕಿನ ದುಧನಿ ಪೇಟೆಯಲ್ಲಿ ನನ್ನದು ತೊಗರಿ, ಕಡಲೆ, ಜೋಳದ ಅಡತ್ ಅಂಗಡಿ. ಚೀಲದ ಬಾಯಿ ಬಿಚ್ಚಿ, ಮುಷ್ಟಿ ತುಂಬ ಕಾಳು ತೆಗೆದು, ಅಂಗೈಯಲ್ಲಿ ಹರಡಿ ನೋಡಿ ದರ ಹೇಳುವುದು ನಲವತ್ತು ವರ್ಷದ ರೂಢಿ. ಇಂಥ ನಾನು 2024ರಿಂದ ಆದಿತ್ಯವಾರ ಮುಂಜಾನೆ ಅಮೆರಿಕದ ಬೇಸ್‌ಬಾಲ್ ಆಟಗಾರರನ್ನು ಕೊಳ್ಳುವ, ಮಾರುವ ವ್ಯವಹಾರಕ್ಕೆ ಇಳಿದಿದ್ದೇನೆ ಎಂದರೆ ಪೇಟೆಯ ಗೆಳೆಯರು ನಗುತ್ತಾರೆ. ಒಬ್ಬರಂತೂ, "ಏನ್ರೀ ಸಾವ್ಕಾರ್ರ, ಸಟ್ಟಾ ಹಚ್ಚೀರೇನು?" ಎಂದು ಕೇಳಿಯೇಬಿಟ್ಟರು. ಸಟ್ಟಾ ಅಲ್ಲ, ಒಂದು ಪೈಸೆಯ ಪಣವೂ ಇಲ್ಲ. ಇದು ಕಂಪ್ಯೂಟರಿನ ಒಳಗೆ ತಂಡ ಕಟ್ಟುವ ಆಟ. ಆದರೆ ಮಾಲು ಪರೀಕ್ಷಿಸುವ ನಮ್ಮ ವಿದ್ಯೆಗೆ ಇಷ್ಟು ಹತ್ತಿರವಾದ ಆಟವನ್ನು ನಾನು ಬೇರೆ ಕಂಡಿಲ್ಲ. ಅದಕ್ಕೇ ಈ ನಾಲ್ಕು ಮಾತು.

ಮಗಳ ಸಂಸಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿನಲ್ಲಿದೆ. 2024ರ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಹನ್ನೆರಡು ವರ್ಷದ ಮೊಮ್ಮಗ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ. ಊರೂರಿಗೆ ಹೋಗಿ ಆಡುವ ಹುಡುಗರ ಬೇಸ್‌ಬಾಲ್ ತಂಡವೊಂದರ ಆಯ್ಕೆಗೆ ಹೋಗಿದ್ದನಂತೆ. ಅಲ್ಲಿ ಓಟ, ಎಸೆತ, ಹೊಡೆತ, ಚೆಂಡು ಹಿಡಿಯುವುದು ಎಂದು ಒಂದೊಂದಕ್ಕೂ 1ರಿಂದ 5ರ ತನಕ ಅಂಕ ಬರೆಯುತ್ತಾರೆ. ಇವನಿಗೆ ಹೊಡೆತಕ್ಕೆ 2, ಎಸೆತಕ್ಕೆ 2. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಹುಡುಗ ತೆಳ್ಳಗೆ, ಓರಗೆಯವರಿಗಿಂತ ಒಂದು ಗೇಣು ಕುಳ್ಳು. ಅವನ ಮನಸ್ಸು ಬೇರೆ ಕಡೆ ಹರಿಯಲೆಂದು ಅಳಿಯಂದಿರು ಕಂಪ್ಯೂಟರಿಗೆ ಈ ಆಟ ಹಾಕಿಕೊಟ್ಟರು. ನನಗೂ, "ಮಾವಾರ, ನೀವೂ ಕೂಡ್ರಿ. ನಿಮ್ಮ ಧಂದೇದಾಗಿನ ಕೆಲಸಾನ ಅದ ಇದು" ಅಂದರು.

ಆಟದೊಳಗಿನ ಆಟ

ಮೊದಲು ಬೇಸ್‌ಬಾಲ್ ಅಂದರೇನು ಎಂಬುದನ್ನು ಕ್ರಿಕೆಟ್ ಬಲ್ಲವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಚೆಂಡು ಎಸೆಯುವವನು ಪಿಚರ್. ಹೊಡೆಯುವವನು ಹೊಡೆದು ಓಡಿ ಮೂರು ಬೇಸು ದಾಟಿ, ನಿಂತ ಜಾಗಕ್ಕೇ ಮರಳಿ ಬಂದರೆ ಒಂದು ರನ್. ಮೂರು ಔಟಾದರೆ ಪಾಳಿ ಮುಗಿಯಿತು. ಎರಡೂ ಕಡೆಗೆ ಒಂಬತ್ತೊಂಬತ್ತು ಪಾಳಿ. ಪಿಚರ್ ಗುರಿತಪ್ಪಿ ಎಸೆದ ನಾಲ್ಕು ಚೆಂಡುಗಳನ್ನು ಬ್ಯಾಟು ಬೀಸದೆ ಬಿಟ್ಟರೆ ಮೊದಲ ಬೇಸಿಗೆ ಸುಮ್ಮನೆ ನಡೆದುಹೋಗಬಹುದು. ಇದಕ್ಕೆ ವಾಕ್ ಎನ್ನುತ್ತಾರೆ. ಈ ವಾಕ್ ಎಂಬ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ. ದೊಡ್ಡ ಲೀಗಿನಲ್ಲಿ 30 ತಂಡ, ಒಂದೊಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಇಷ್ಟು ಪಂದ್ಯ ಇರುವುದರಿಂದ ಅಲ್ಲಿ ಅಂಕಿಗಳಿಗೆ ಬರವಿಲ್ಲ.

ಅಂಕಿಗಳಿಂದಲೇ ಆಟ ಕಟ್ಟುವ ಹುಚ್ಚು ಅಲ್ಲಿ ಹಳೆಯದು. ಹ್ಯಾಲ್ ರಿಚ್‌ಮನ್ ಎಂಬವರು ಹುಡುಗರಿದ್ದಾಗಲೇ ದಾಳದ ಬೇಸ್‌ಬಾಲ್ ಕಟ್ಟತೊಡಗಿ, 1961ರಲ್ಲಿ ಅದನ್ನು ಸ್ಟ್ರ್ಯಾಟ್-ಓ-ಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಕಾರ್ಡು. ಅವನ ಹೋದ ವರ್ಷದ ಲೆಕ್ಕವೆಲ್ಲ ಆ ಕಾರ್ಡಿನಲ್ಲಿ ಅಡಗಿರುತ್ತದೆ. ದಾಳ ಹಾಕಿದಂತೆ ಫಲ. ನಾವು ಆಡುವ ಆಟದ ಹೆಸರು ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್. ಮೋಜೆಂದರೆ ಇದನ್ನು ಕಟ್ಟಿದವರು ಅಮೆರಿಕದವರಲ್ಲ, ಜರ್ಮನಿಯ ಮಾರ್ಕುಸ್ ಹೈನ್‌ಸೋನ್. 1990ರ ದಶಕದ ಕೊನೆಗೆ ಶುರುವಾದ ಈ ಆಟ ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ.

ಇದರಲ್ಲಿ ನೀವು ಬ್ಯಾಟು ಬೀಸುವುದಿಲ್ಲ. ನೀವು ತಂಡದ ಕಾರಭಾರಿ. ಯಾರನ್ನು ಕೊಳ್ಳಬೇಕು, ಯಾರಿಗೆ ಎಷ್ಟು ಸಂಬಳ, ಯಾರನ್ನು ಕೆಳಗಿನ ಲೀಗಿಗೆ ಕಳಿಸಬೇಕು, ಯಾರನ್ನು ಬಿಡಬೇಕು - ಇದಿಷ್ಟು ನಿಮ್ಮ ಕೆಲಸ. ಪ್ರತಿ ಆಟಗಾರನ ಹೆಸರಿನ ಮುಂದೆ 20ರಿಂದ 80ರ ತನಕ ಅಂಕ ಇರುತ್ತದೆ. 50 ಅಂದರೆ ಸರಾಸರಿ. ನಿಜವಾದ ಬೇಸ್‌ಬಾಲಿನ ಪಾರಖಿಗಳು ಬಳಸುವ ಅಳತೆಯೇ ಇದು. ಬ್ಯಾಟುಗಾರನಿಗೆ ಚೆಂಡು ತಗಲಿಸುವ ಗುಣ, ಸಂದಿ ನೋಡಿ ಹೊಡೆಯುವ ಗುಣ, ಬಲ, ಕಣ್ಣು ಹೀಗೆ ಬೇರೆ ಬೇರೆ ಅಂಕ. ಒಂದೊಂದಕ್ಕೂ ಎರಡು ಮನೆ: ಇವತ್ತು ಎಷ್ಟು, ಮುಂದೆ ಎಷ್ಟರ ತನಕ ಬೆಳೆದಾನು.

ನಾನು ಮೊದಲ ದಿನ ಮಾಡಿದ್ದು ಎಲ್ಲ ಹೊಸಬರೂ ಮಾಡುವುದೇ. ದೊಡ್ಡ ಅಂಕ ಕಂಡಲ್ಲೆಲ್ಲ ಕೈ ಹಾಕಿದೆ.

ಚೆಲುವಿಗೆ ಕೊಟ್ಟ ದುಡ್ಡು

ನಮ್ಮ ಮನೆಯ ಒಂದು ಹಳೆಯ ಕತೆಯನ್ನು ಮೊಮ್ಮಗನಿಗೆ ಹೇಳಿದ್ದೆ. 1987ರಲ್ಲಿ ಜಾತ್ರೆಯ ದನದ ಪೇಟೆಯಲ್ಲಿ ಒಂದು ಖಿಲಾರಿ ಎತ್ತು ಕಂಡೆ. ಹಾಲಿನಂಥ ಬಿಳುಪು, ಬಿಲ್ಲಿನಂಥ ಕೋಡು. ನಮ್ಮ ಅಪ್ಪ "ಹಲ್ಲ ನೋಡೋ, ನಡಿಗಿ ನೋಡೋ" ಅನ್ನುತ್ತಲೇ ಇದ್ದರು. ನಾನು ಕೋಡು ನೋಡಿ ರೊಕ್ಕ ಎಣಿಸಿದೆ. ಮನೆಗೆ ತಂದು ನೇಗಿಲಿಗೆ ಹೂಡಿದರೆ ಎರಡನೆಯ ಸಾಲಿಗೇ ಮಲಗಿತು. ಬಾಯಿಗೂಡಿ ಎಷ್ಟೋ ವರ್ಷವಾಗಿದ್ದ ಎತ್ತು ಅದು.

ಇಂಥ ಕೋಡು ನೋಡುವ ಚಾಳಿ ಅಮೆರಿಕದ ಪಾರಖಿಗಳಿಗೂ ಇತ್ತು. ಎತ್ತರ, ಭುಜ, ಓಟದ ಚೆಂದ ನೋಡಿ ಲಕ್ಷಗಟ್ಟಲೆ ಡಾಲರ್ ಕೊಡುತ್ತಿದ್ದರು. ಲೆಕ್ಕದಲ್ಲಿ ನೋಡುತ್ತಿದ್ದುದು ಮುಖ್ಯವಾಗಿ ಬ್ಯಾಟಿಂಗ್ ಸರಾಸರಿ, ಅಂದರೆ ಹೊಡೆದ ಹಿಟ್ಟುಗಳಷ್ಟೇ. ವಾಕ್ ಅದರಲ್ಲಿ ಬರುವುದೇ ಇಲ್ಲ. ಕಾನ್ಸಾಸ್ ರಾಜ್ಯದಲ್ಲಿ ಡಬ್ಬಿ ಆಹಾರದ ಕಾರಖಾನೆಯೊಂದರ ರಾತ್ರಿ ಕಾವಲುಗಾರನಾಗಿದ್ದ ಬಿಲ್ ಜೇಮ್ಸ್ 1977ರಿಂದ ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚುಹಾಕಿಸಿ, ಈ ಹಿಶೇಬು ಅರೆಬರೆ ಎಂದು ವರ್ಷವರ್ಷವೂ ತೋರಿಸುತ್ತ ಬಂದರು. ಬಹಳ ಕಾಲ ದೊಡ್ಡ ತಂಡಗಳ ಕಾರಭಾರಿಗಳು ಅವರ ಕಡೆ ತಿರುಗಿ ನೋಡಲಿಲ್ಲ.

ಲೆಕ್ಕ ಸರಳವಾಗಿದೆ, ನೀವೇ ಮಾಡಿ ನೋಡಿರಿ. ಒಬ್ಬನು 550 ಸಲ ಬ್ಯಾಟು ಬೀಸಿ 150 ಹಿಟ್ ಹೊಡೆದ. ವಾಕ್ ಬರೇ 30. ಇನ್ನೊಬ್ಬನು 500 ಸಲಕ್ಕೆ 130 ಹಿಟ್ ಹೊಡೆದ, ವಾಕ್ 90. ಸರಾಸರಿ ನೋಡಿದರೆ ಮೊದಲಿನವನದು .273, ಎರಡನೆಯವನದು .260. ಪೇಟೆಯಲ್ಲಿ ಮೊದಲಿನವನಿಗೆ ದರ ಹೆಚ್ಚು. ಆದರೆ ಔಟಾಗದೆ ಬೇಸಿಗೆ ತಲುಪಿದ ಲೆಕ್ಕ ಹಿಡಿದರೆ ಮೊದಲಿನವನು 580ಕ್ಕೆ 180, ಅಂದರೆ .310. ಎರಡನೆಯವನು 590ಕ್ಕೆ 220, ಅಂದರೆ .373. ತಂಡಕ್ಕೆ ಸಿಗುವುದು ಪಾಳಿಗೆ ಮೂರೇ ಔಟು. ಔಟಾಗದವನೇ ಬೆಲೆಯುಳ್ಳವನು. ವಾಕ್ ಅಂದರೆ ನಮ್ಮ ಕಡೆಯ ಕಣಿಕೆ ಇದ್ದಂತೆ: ಕಾಳಿನ ಲೆಕ್ಕ ಬರೆಯುವಾಗ ಅದು ಖಾತೆಗೆ ಬರುವುದಿಲ್ಲ, ಆದರೆ ದನ ಬದುಕುವುದು ಅದರ ಮೇಲೆಯೇ.

ಈ ಲೆಕ್ಕವನ್ನು ನಂಬಿ ದುಡ್ಡು ಹಾಕಿದವರು ಮಗಳ ಊರಿನ ಹತ್ತಿರದ ಓಕ್ಲೆಂಡಿನ ತಂಡದವರು. 2002ರಲ್ಲಿ ಅವರ ಸಂಬಳದ ಒಟ್ಟು ಖರ್ಚು ಸುಮಾರು 4 ಕೋಟಿ ಡಾಲರ್. ನ್ಯೂಯಾರ್ಕ್ ಯಾಂಕೀಸ್ ತಂಡದ್ದು ಅದರ ಮೂರು ಪಟ್ಟು. ಕಾರಭಾರಿ ಬಿಲ್ಲಿ ಬೀನ್ ಬೇರೆಯವರು ಬಿಟ್ಟ ಆಟಗಾರರನ್ನು ಆರಿಸಿ ತಂದರು. ಅವರಲ್ಲೊಬ್ಬ ಸ್ಕಾಟ್ ಹ್ಯಾಟೆಬರ್ಗ್. ಮೊಣಕೈ ನರಕ್ಕೆ ಪೆಟ್ಟಾಗಿ ಚೆಂಡು ಎಸೆಯಲಾರದೆ ಹೋಗಿದ್ದವನು, ಆದರೆ ಬೇಸಿಗೆ ತಲುಪುವ ಕಣ್ಣುಳ್ಳವನು. ಆ ವರ್ಷ ಓಕ್ಲೆಂಡ್ 103 ಪಂದ್ಯ ಗೆದ್ದಿತು. ಸತತವಾಗಿ 20 ಪಂದ್ಯ ಗೆದ್ದದ್ದೂ ಆ ವರ್ಷವೇ. ಇಪ್ಪತ್ತನೆಯದನ್ನು ಹೋಂ ರನ್ ಹೊಡೆದು ಗೆಲ್ಲಿಸಿದವನು ಇದೇ ಹ್ಯಾಟೆಬರ್ಗ್. ಕೊನೆಯ ಸುತ್ತಿನ ತನಕ ಹೋಗದೆ ಮಿನೆಸೋಟ ತಂಡಕ್ಕೆ ಸೋತರೆಂಬುದನ್ನೂ ಹೇಳಬೇಕು. 2003ರಲ್ಲಿ ಮೈಕೆಲ್ ಲೂಯಿಸ್ ಈ ಕತೆಯನ್ನು "ಮನಿಬಾಲ್" ಎಂಬ ಪುಸ್ತಕ ಮಾಡಿದರು. ಆಮೇಲೆ ಏನಾಯಿತು ಎಂದು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ. ಗುಟ್ಟು ಎಲ್ಲರಿಗೂ ತಿಳಿಯಿತು, ವಾಕಿನ ದರ ಏರಿತು, ಅಗ್ಗದ ಮಾಲು ಮುಗಿಯಿತು.

ಓಕ್ಲೆಂಡಿನ ಆ ಮೈದಾನಕ್ಕೆ ಅಳಿಯಂದಿರು ನನ್ನನ್ನೂ ಕರೆದೊಯ್ದಿದ್ದರು. ಖಾಲಿ ಕುರ್ಚಿಗಳೇ ಹೆಚ್ಚು. 1968ರಿಂದ ಅಲ್ಲಿದ್ದ ತಂಡ ಊರು ಬಿಡುವುದೆಂದು ಗೊತ್ತಾಗಿತ್ತು. 2024ರ ಸೆಪ್ಟೆಂಬರ್ 26ಕ್ಕೆ ಅಲ್ಲಿನ ಕೊನೆಯ ಪಂದ್ಯ ನಡೆಯಿತು.

ನಾನು ಮೋಸ ಹೋದದ್ದು

ನಮ್ಮ ಕಂಪ್ಯೂಟರ್ ತಂಡದ ಮೊದಲ ವರ್ಷ ನಾನೊಂದು ದೊಡ್ಡ ಖರೀದಿ ಮಾಡಿದೆ. ಡೆನ್ವರ್ ತಂಡದ ಒಬ್ಬ ಬ್ಯಾಟುಗಾರ, ಸರಾಸರಿ .330. ಅವನಿಗಾಗಿ 19 ವರ್ಷದ ಒಬ್ಬ ಹುಡುಗನನ್ನು ಕೊಟ್ಟುಬಿಟ್ಟೆ. ಆ ಹುಡುಗನದು ಕೆಳಗಿನ ಲೀಗಿನಲ್ಲಿ ಬರೇ .265. ಮರುವರ್ಷ ನನ್ನ ಖರೀದಿಯ ಆಟಗಾರ .250ಕ್ಕೆ ಇಳಿದ. ಮೊಮ್ಮಗ ತಲೆ ಅಲ್ಲಾಡಿಸಿ, "ಮುತ್ಯಾ, ನೀ ಹಲ್ಲು ನೋಡ್ಲೇ ಇಲ್ಲ" ಅಂದ.

ಹೌದು, ಮೂರು ಹಲ್ಲು ನೋಡಿರಲಿಲ್ಲ.

ಒಂದು, ವಯಸ್ಸು. ನಾನು ಕೊಂಡವನಿಗೆ 33. ಬ್ಯಾಟುಗಾರನ ಏರುಗಾಲ ಸಾಮಾನ್ಯವಾಗಿ 26ರಿಂದ 29, ಆಮೇಲೆ ಇಳಿಜಾರು. ಇನ್ನು ಆ ಹುಡುಗ 19ಕ್ಕೇ ತನಗಿಂತ ನಾಲ್ಕೈದು ವರ್ಷ ದೊಡ್ಡವರ ಎದುರು ಆಡಿ .265 ತೆಗೆದಿದ್ದ. ಅದೇ ಲೀಗಿನಲ್ಲಿ 26ರವನು .300 ತೆಗೆದರೂ ಈ ಹುಡುಗನೇ ಮೇಲು. ಎರಡು ಹಲ್ಲಿನ ಹೋರಿ ಬಾಯಿಗೂಡಿದ ಎತ್ತಿನ ಸಮ ಎಳೆದರೆ ಯಾವುದನ್ನು ಕೊಳ್ಳುತ್ತೀರಿ?

ಎರಡು, ಹೊಲ. ಡೆನ್ವರ್ ಊರು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು. ಅಲ್ಲಿ ಹೊಡೆದ ಚೆಂಡು ದೂರ ಹಾರುತ್ತದೆ, ಪಿಚರನ ಚೆಂಡು ಸರಿಯಾಗಿ ತಿರುಗುವುದಿಲ್ಲ. ನೀರಾವರಿ ಹೊಲದ ಎಕರೆ ಇಳುವರಿಯನ್ನು ಮಳೆ ನಂಬಿದ ಹೊಲದ ಇಳುವರಿಯ ಜೊತೆ ಯಾರೂ ಹಾಗೇ ಹೋಲಿಸುವುದಿಲ್ಲ. ನಾನು ಹೋಲಿಸಿದೆ. ಆಟದಲ್ಲಿ ಪ್ರತಿ ಮೈದಾನಕ್ಕೂ ಅದರ ಗುಣದ ಅಂಕಿ ಬರೆದಿರುತ್ತದೆ. ಆ ಪುಟವನ್ನೇ ನಾನು ತೆರೆದಿರಲಿಲ್ಲ.

ಮೂರು, ದೈವದ ಪಾಲು. ಬ್ಯಾಟಿಗೆ ತಗುಲಿ ಮೈದಾನದೊಳಗೇ ಬೀಳುವ ಚೆಂಡುಗಳಲ್ಲಿ ಸುಮಾರು ಹತ್ತಕ್ಕೆ ಮೂರು ಹಿಟ್ ಆಗುತ್ತವೆ. ಒಬ್ಬನಿಗೆ ಒಂದು ವರ್ಷ ಹತ್ತಕ್ಕೆ ನಾಲ್ಕು ಆದರೆ ಅದರಲ್ಲಿ ಬಹಳಷ್ಟು ಅದೃಷ್ಟ; ಮರುವರ್ಷ ಮೂರಕ್ಕೇ ಮರಳುತ್ತದೆ. ನಾನು ಕೊಂಡದ್ದು ಹತ್ತಕ್ಕೆ ನಾಲ್ಕಿನ ವರ್ಷವನ್ನು. ಒಂದು ಹದ ಮಳೆಯ ವರ್ಷದ ಫಸಲು ನೋಡಿ ಹೊಲಕ್ಕೆ ಬೆಲೆ ಕಟ್ಟಿದಂತಾಯಿತು.

ಪಿಚರನ ವಿಷಯದಲ್ಲೂ ಇದೇ ಪಾಠ. 2001ರಲ್ಲಿ ವೊರೋಸ್ ಮೆಕ್‌ಕ್ರಾಕೆನ್ ಎಂಬವರು ಒಂದು ಮಾತು ಹೇಳಿ ಎಲ್ಲರನ್ನೂ ಬೆರಗುಗೊಳಿಸಿದರು. ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುವುದು ಬಿಡುವುದು ಪಿಚರನ ಕೈಯಲ್ಲಿರುವುದು ಬಹಳ ಕಡಿಮೆ. ಅವನ ಕೈಯಲ್ಲಿರುವುದು ಮುಖ್ಯವಾಗಿ ಮೂರು: ಎಷ್ಟು ಜನರನ್ನು ಚೆಂಡು ಮುಟ್ಟಗೊಡದೆ ಔಟು ಮಾಡುತ್ತಾನೆ, ಎಷ್ಟು ವಾಕ್ ಕೊಡುತ್ತಾನೆ, ಎಷ್ಟು ಹೋಂ ರನ್ ಕೊಡುತ್ತಾನೆ. ನಮ್ಮ ಆಟದಲ್ಲಿ ಪಿಚರನಿಗೆ ಇರುವ ಮೂರು ಮುಖ್ಯ ಅಂಕಗಳೂ ಈ ಮೂರಕ್ಕೇ ಸಂಬಂಧಪಟ್ಟವು. ಹೋದ ವರ್ಷ ಎಷ್ಟು ಪಂದ್ಯ ಗೆದ್ದ ಎಂದು ನೋಡಿ ಪಿಚರನನ್ನು ಕೊಂಡರೆ, ಅವನ ಹಿಂದೆ ನಿಂತು ಚೆಂಡು ಹಿಡಿದವರ ಬೆವರಿಗೂ ಅವನಿಗೇ ರೊಕ್ಕ ಕೊಟ್ಟಂತೆ.

ಇದಲ್ಲದೆ ನಿಲ್ಲುವ ಜಾಗವೂ ಇದೆ. ಎರಡನೆಯ, ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕೆಲಸ ಬಲ್ಲವರು ವಿರಳ. ಮೊದಲ ಬೇಸಿನಲ್ಲಿ ನಿಲ್ಲಬಲ್ಲವರು ಬೇಕಾದಷ್ಟು. ಹಾಗಾಗಿ .260 ಹೊಡೆಯುವ ಶಾರ್ಟ್‌ಸ್ಟಾಪ್ ಅದೇ .260ರ ಮೊದಲ ಬೇಸಿನವನಿಗಿಂತ ತುಟ್ಟಿ. ಬೆಲೆ ಕಟ್ಟುವಾಗ ಕೇಳಬೇಕಾದ ಪ್ರಶ್ನೆ "ಇವನು ಎಷ್ಟು ಒಳ್ಳೆಯವನು" ಎಂಬುದಷ್ಟೇ ಅಲ್ಲ. "ಇವನು ಇಲ್ಲದಿದ್ದರೆ ಆ ಜಾಗಕ್ಕೆ ಕಡಿಮೆ ರೊಕ್ಕಕ್ಕೆ ಯಾರು ಸಿಗುತ್ತಾರೆ" ಎಂಬುದು.

ಅಂಕ ಮುಚ್ಚಿ ಆಡಿದೆವು

ಇಷ್ಟೆಲ್ಲ ತಿಳಿದ ಮೇಲೂ ಒಂದು ಸಂಶಯ ಕಾಡಿತು. ನಮ್ಮ ಪಾರಖಿ 60 ಬರೆದ ಹುಡುಗನಿಗೆ ಆಟದಲ್ಲೇ ಸಿಗುವ ಇನ್ನೊಂದು ಪರೀಕ್ಷಕರ ವರದಿಯಲ್ಲಿ 45 ಇತ್ತು. ಹುಡುಗ ಅವನೇ, ದಿನವೂ ಅದೇ. ಆಗ ಅಳಿಯಂದಿರು ಬಿಡಿಸಿ ಹೇಳಿದರು: ತೆರೆಯ ಮೇಲೆ ಕಾಣುವುದು ಆಟಗಾರನ ಗುಣವಲ್ಲ, ಪಾರಖಿ ಕಂಡ ಗುಣ. ಪಾರಖಿ ಜಾಣನಿದ್ದರೆ ಸತ್ಯಕ್ಕೆ ಹತ್ತಿರ, ಇಲ್ಲದಿದ್ದರೆ ದೂರ. ಎಳೆಯ ಹುಡುಗರ ವಿಷಯದಲ್ಲಿ ತಪ್ಪು ಇನ್ನೂ ಹೆಚ್ಚು. ಮುಂದೆ ಎಷ್ಟು ಬೆಳೆದಾನು ಎಂಬ ಅಂಕ ವರ್ಷದಿಂದ ವರ್ಷಕ್ಕೆ ಏರುತ್ತದೆ, ಇಳಿಯುತ್ತದೆ.

ಈ ಆಟದಲ್ಲಿ ಅಂಕಗಳನ್ನೆಲ್ಲ ಮುಚ್ಚಿಬಿಡುವ ಅನುಕೂಲವೂ ಇದೆ. ಮುಚ್ಚಿದೆವು. ಉಳಿದದ್ದು ಆಡಿದ ಲೆಕ್ಕ ಮಾತ್ರ. ವಯಸ್ಸು, ಲೀಗು, ಮೈದಾನ, ವಾಕು, ಹೊಡೆತ. ಅದೂ ಐವತ್ತು ಸಲದ ಲೆಕ್ಕ ನಂಬಬಾರದು. ಎರಡು ಮೂರು ವರ್ಷದ್ದು ಕೂಡಿಸಿ ನೋಡಬೇಕು. ಮೊದಮೊದಲು ಕತ್ತಲಲ್ಲಿ ಕಾಳು ಆರಿಸಿದಂತೆ ಅನ್ನಿಸಿತು. ಒಂದು ತಿಂಗಳಾದ ಮೇಲೆ ಕಣ್ಣು ಹೊಂದಿಕೊಂಡಿತು.

ನಿಜದ ಬೇಸ್‌ಬಾಲಿನಲ್ಲೂ ಹೀಗೇ. 1988ರಲ್ಲಿ ತಂಡಗಳು ಹುಡುಗರನ್ನು ಆರಿಸಿಕೊಂಡಾಗ ಮೈಕ್ ಪಿಯಾಝಾ ಎಂಬವನ ಸರದಿ ಬಂದದ್ದು 62ನೆಯ ಸುತ್ತಿನಲ್ಲಿ, 1,390ನೆಯವನಾಗಿ. ಅದೂ ಅವನ ತಂದೆಯ ಸ್ನೇಹದ ದಾಕ್ಷಿಣ್ಯಕ್ಕೆ. ಅವನು 427 ಹೋಂ ರನ್ ಹೊಡೆದು 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. 1991ರಲ್ಲಿ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟ ಪಿಚರ್ ಬ್ರಿಯನ್ ಟೇಲರ್‌ಗೆ ಯಾಂಕೀಸ್ ತಂಡ 15.5 ಲಕ್ಷ ಡಾಲರ್ ಕೊಟ್ಟಿತು. ಭುಜಕ್ಕೆ ಪೆಟ್ಟಾಗಿ ಅವನು ದೊಡ್ಡ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಮೊಮ್ಮಗನ ಖಾತೆ

ಊರಿಗೆ ಮರಳುವ ವಾರ ಮೊಮ್ಮಗ ಇದ್ದಕ್ಕಿದ್ದಂತೆ ಕೇಳಿದ: "ಮುತ್ಯಾ, ನಾ ಈ ಆಟದಾಗ ಇದ್ರ, ನಂಗ ಎಷ್ಟ ಬರೀತಿದ್ದಿ?"

ನನ್ನ ಹತ್ತಿರ ಉತ್ತರವಿತ್ತು, ಅವನಿಗೆ ಗೊತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಅವನು ತನ್ನ ಓಣಿಯ ಸಾದಾ ತಂಡಕ್ಕೆ ಆಡಿದ 12 ಪಂದ್ಯಗಳನ್ನು ನಾನು ಬೇಲಿಯ ಹೊರಗೆ ಕುಳಿತು ನೋಡಿದ್ದೆ, ಒಂದು ಸಣ್ಣ ವಹಿಯಲ್ಲಿ ಬರೆದಿಟ್ಟಿದ್ದೆ. 40 ಸಲ ಬ್ಯಾಟು ಹಿಡಿದು ನಿಂತಿದ್ದ. 7 ಹಿಟ್, 11 ವಾಕ್. ಸರಾಸರಿ ನೋಡಿದರೆ .241. ಬೇಸಿಗೆ ತಲುಪಿದ ಲೆಕ್ಕ ನೋಡಿದರೆ 40ಕ್ಕೆ 18, ಅಂದರೆ .450. ಈ ಅಂಕಿ ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಹಿ ಹಿಡಿದುಕೊಂಡು ಹೋಗಿ ಆಯ್ಕೆಯ ತರಬೇತುದಾರರ ಮುಂದೆ ಇಡಬೇಕೆನ್ನಿಸಿತು.

ಆದರೆ ನಲವತ್ತು ವರ್ಷದ ಅಡತ್ಯಾನ ಕೈ ತಡೆಯಿತು. ಸ್ವಂತ ಮಾಲು ಅಂತ ಹಗುರ ಕಾಟಾ ಹಿಡಿಯಬಾರದು. ಹನ್ನೆರಡರ ಹರೆಯದ ಪಿಚರುಗಳಿಗೆ ಗುರಿಯಿಟ್ಟು ಎಸೆಯಲು ಬರುವುದಿಲ್ಲ. ಸುಮ್ಮನೆ ನಿಂತವನಿಗೂ ವಾಕ್ ಸಿಗುತ್ತದೆ. ಅದೂ 40 ಸಲದ ಲೆಕ್ಕ. ಬೇರೆಯವನ ಮೊಮ್ಮಗನದಾಗಿದ್ದರೆ ನಾನೇ "ಇದು ಸಾಲದು" ಎಂದು ವಹಿ ಮಡಚಿಡುತ್ತಿದ್ದೆ. ಹುಡುಗನ ಹೊಡೆತಕ್ಕೆ 2 ಬರೆದವರು ಸುಳ್ಳು ಬರೆದಿರಲಿಲ್ಲ. ಅವನ ಹೊಡೆತ ಆಗ 2ರದ್ದೇ. ಅವರು ತಪ್ಪಿದ್ದೆಂದರೆ ಕಣ್ಣಿಗೆ ಒಂದು ಮನೆ ಹಾಕದೆ ಬಿಟ್ಟದ್ದು.

ವಹಿಯನ್ನು ಅವನ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ, .450ನ್ನೂ ಹೇಳಿದೆ, ಅದನ್ನು ಯಾಕೆ ಪೂರ್ತಿ ನಂಬಬಾರದು ಎಂಬುದನ್ನೂ ಹೇಳಿದೆ. "ನಿನ್ನ ಕಣ್ಣು ಚಲೋ ಅದ ಮಗಾ. ಬಿಡೋ ಚೆಂಡ್ ಯಾವ್ದು ಅನ್ನೂದು ನಿಂಗ ತಿಳೀತದ. ಆದ್ರ ಮುಂದಿನ ವರ್ಷ ಪಿಚರ್ ಹುಡುಗೂರು ಗುರಿ ಹಿಡದು ಒಗೀತಾರ. ಆಗ ಹೊಡೀಲಿಕ್ಕೇ ಬೇಕು. ನಂಬರ್ ನಾ ಬರ್ಯೂದಿಲ್ಲ. ಲೆಕ್ಕ ನೀನ ಬರಿ." ಅವನು ಬಹಳ ಹೊತ್ತು ವಹಿ ನೋಡಿದ. ಆಮೇಲೆ ಕೇಳಿದ್ದು ಒಂದೇ: "ಇದನ್ನ ನೀ ಯಾವಾಗ ಬರದಿ?" ಅಂಕಿಗಿಂತ, ಪ್ರತಿ ಸಲವೂ ಒಬ್ಬರು ನೋಡುತ್ತಿದ್ದರು ಎಂಬುದು ಅವನಿಗೆ ಹೆಚ್ಚಾಗಿ ತಾಗಿತು ಎಂದು ನನಗೆ ಕಂಡಿತು.

ಆ ದೊಡ್ಡ ತಂಡಕ್ಕೆ ಅವನು ಇನ್ನೂ ಸೇರಿಲ್ಲ. ಮರುವರ್ಷವೂ ಹೋದ, ಮರುವರ್ಷವೂ ಆಗಲಿಲ್ಲ. ಓಣಿಯ ತಂಡದಲ್ಲೇ ಎರಡನೆಯ ಬೇಸಿನಲ್ಲಿ ನಿಲ್ಲುತ್ತಾನೆ. ಬೇಸಿಗೆಯ ಆದಿತ್ಯವಾರ ನಮ್ಮಲ್ಲಿ ಮುಂಜಾನೆ ಎಂಟು ಗಂಟೆ, ಅವರಲ್ಲಿ ಶನಿವಾರ ಸಂಜೆ ಏಳೂವರೆ. ಫೋನು ಬರುತ್ತದೆ. ಮೊದಲು ಕಂಪ್ಯೂಟರ್ ತಂಡದ ವ್ಯವಹಾರ, ಯಾರನ್ನು ಬಿಡೋಣ, ಯಾರನ್ನು ತರೋಣ. ಆಮೇಲೆ ಆ ದಿನದ ತನ್ನ ಲೆಕ್ಕವನ್ನು ತಾನೇ ಓದುತ್ತಾನೆ. ಚೆಂಡು ಮುಟ್ಟದೆ ಔಟಾದದ್ದನ್ನು ಮೊದಲು ಓದುತ್ತಾನೆ, ಹಿಟ್ಟುಗಳನ್ನು ಆಮೇಲೆ. ಇಲ್ಲಿ ನಾನು ಅಂಗಡಿಯ ಗಾದಿಯ ಮೇಲೆ ಕುಳಿತು ಅದೇ ಸಣ್ಣ ವಹಿಯಲ್ಲಿ ಬರೆದುಕೊಳ್ಳುತ್ತೇನೆ. ಈಗ ಅದರಲ್ಲಿ 150 ಸಲದ ಮೇಲಾಗಿದೆ. ಇನ್ನೂ ಸಾಲದು.